ಮದುವೆ ರೀಲಿನಲ್ಲಿ ಉಳಿದ ಹಕ್ಕಿಗಳು

ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದವರು ಸಲೀಂ ಅಲಿ ಎಂದು ಅಲ್ಲಿ ದೋಣಿ ನಡೆಸುವವರೆಲ್ಲ ಹೇಳುತ್ತಾರೆ. 1939ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಾಗ ಅವರ ಸಾಮಾನಿನಲ್ಲಿ ಬಂದೂಕೂ ಇತ್ತು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಅಂದಿನ ಪಕ್ಷಿವಿಜ್ಞಾನ ನಡೆಯುತ್ತಿದ್ದದ್ದೇ ಹಾಗೆ: ಹಕ್ಕಿಯನ್ನು ಹೊಡೆದು, ಚರ್ಮ ಬಿಡಿಸಿ, ಒಳಗೆ ಹತ್ತಿ ತುಂಬಿ, ಕಾಲಿಗೆ ಊರು ತಾರೀಖು ಬರೆದ ಚೀಟಿ ಕಟ್ಟಿ, ಮುಂಬಯಿಯ ಪೆಟ್ಟಿಗೆಗಳಿಗೆ ಸೇರಿಸುವುದು. ಮೈಸೂರು ಸಮೀಕ್ಷೆಯ ವರದಿ ಹೀಗೆ ಸಿದ್ಧವಾಗಿ 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಕಂತಾಗಿ ಅಚ್ಚಾಯಿತು. ಅಷ್ಟರೊಳಗೆ, 1940ರಲ್ಲಿ, ಅವರ ಮಾತಿಗೆ ಒಪ್ಪಿ ಅರಮನೆ ಕಾವೇರಿಯ ಈ ನಡುಗಡ್ಡೆಗಳಿಗೆ ರಕ್ಷಣೆ ಕೊಟ್ಟಾಗಿತ್ತು. ಬಂದೂಕಿನವನ ಮಾತಿನ ಮೇಲೆಯೇ ಅಲ್ಲಿ ಬಂದೂಕು ನಿಷೇಧವಾಯಿತು.

ನಡುಗಡ್ಡೆಗಳಾದರೂ ಪೂರ್ತಿ ಪ್ರಕೃತಿಯ ಕೊಡುಗೆಯೇನಲ್ಲ. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಶ್ರೀರಂಗಪಟ್ಟಣದ ಹತ್ತಿರ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದ್ದರಿಂದ ನೀರು ನಿಂತು, ಬಂಡೆಗಳ ನಡುವೆ ಮಣ್ಣು ಕೂತು, ಮರ ಬೆಳೆದು ಆದ ತಿಟ್ಟುಗಳಿವು. ಗದ್ದೆಗೆ ನೀರು ಬೇಕೆಂದು ಕಟ್ಟಿದ್ದು ಹಕ್ಕಿಗೆ ಮನೆಯಾಯಿತು. ಮೂರು ಶತಮಾನ ಕಳೆದ ಮೇಲೆ ಹೊರಗಿನವರೊಬ್ಬರು ಬಂದು, ಇಲ್ಲಿ ಹಕ್ಕಿ ಗೂಡು ಕಟ್ಟುತ್ತವೆ, ಬಿಟ್ಟುಬಿಡಿ ಎಂದರು.

ನಾನು ವಿಜ್ಞಾನಿಯಲ್ಲ. ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಂದು ಬದುಕಿದವನು. ಆ ಕಸುಬಿನಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಯಾವ ಚಿತ್ರ ನೋಡಿದರೂ ಮೊದಲು ಕಾಣುವುದು ಚಿತ್ರದಲ್ಲಿರುವುದಲ್ಲ, ಅದನ್ನು ತೆಗೆದವನು ನಿಂತ ಜಾಗ. ಅವನು ಎಷ್ಟು ದೂರದಲ್ಲಿದ್ದ? ಅಲ್ಲಿಗೆ ಹೇಗೆ ಹೋದ? ಎದುರಿಗಿದ್ದವರಿಗೆ ಅವನಿದ್ದದ್ದು ಗೊತ್ತಿತ್ತೇ? ಹಕ್ಕಿ ಚಿತ್ರಗಳ ಚರಿತ್ರೆಯನ್ನು ಈ ಮೂರು ಪ್ರಶ್ನೆಗಳಿಂದ ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಕ್ಕಿಯ ಹತ್ತಿರ ಹೋಗಬೇಕೆಂದವರೆಲ್ಲ, ಒಳ್ಳೆಯವರೋ ಕೆಟ್ಟವರೋ, ಹೋದದ್ದು ಅದರ ಗೂಡಿಗೆ. ಕಾರಣ ಸರಳ. ರೆಕ್ಕೆಯಿರುವ ಪ್ರಾಣಿ ಎಲ್ಲಿಂದ ಬೇಕಾದರೂ ತಪ್ಪಿಸಿಕೊಳ್ಳಬಹುದು, ಮರಿಯಿರುವ ಗೂಡಿಗೆ ಮಾತ್ರ ಮರಳಿ ಬರಲೇಬೇಕು.

ಇದನ್ನು ಮೊದಲು ಚೆನ್ನಾಗಿ ಅರಿತವರು ಗರಿಯ ವ್ಯಾಪಾರಿಗಳು. ಬೆಳ್ಳಕ್ಕಿಗಳ ಬೆನ್ನ ಮೇಲೆ ನವಿರಾದ ಉದ್ದ ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯುರೋಪಿನ ಹೆಂಗಸರ ಟೋಪಿಗಳಿಗೆ ಆ ಗರಿ ಬೇಕಾಗಿತ್ತು. ನಮ್ಮ ನೀಲಕಂಠದ, ಮಿಂಚುಳ್ಳಿಯ ಚರ್ಮಗಳೂ ಹಡಗು ಹತ್ತುತ್ತಿದ್ದವು. ಗೂಡಿನಲ್ಲಿ ಕೂತ ಬೆಳ್ಳಕ್ಕಿಯನ್ನು ಕೊಂದರೆ ಮರಿಗಳು ಹಸಿದು ಸಾಯುತ್ತವೆ, ಮುಂದಿನ ವರ್ಷ ಕೊಲ್ಲಲೂ ಹಕ್ಕಿ ಇರುವುದಿಲ್ಲ. 1902ರಲ್ಲಿ ಸರ್ಕಾರ ಹಕ್ಕಿಯ ಚರ್ಮ ಮತ್ತು ಗರಿಯ ರಫ್ತನ್ನೇ ನಿಲ್ಲಿಸಿತು. ಕಳ್ಳಸಾಗಣೆ ಆಮೇಲೂ ನಡೆಯಿತು ಅನ್ನುವುದು ಬೇರೆ ಮಾತು. ಮೊಟ್ಟೆ ಸಂಗ್ರಹಿಸುವ ಹವ್ಯಾಸದ ದೊರೆಗಳು ಗರಿಯವರ ಬೆನ್ನಿಗೇ ಇದ್ದರು. ಅವರ ಮರದ ಪೆಟ್ಟಿಗೆಗಳಲ್ಲಿ ಸಾಲುಸಾಲಾಗಿ ಮಲಗಿದ ಮೊಟ್ಟೆಗಳೂ ಗೂಡಿನಿಂದಲೇ ಬಂದವು.

ಕ್ಯಾಮೆರಾ ಇವರ ಹಿಂದೆ ಬಂತು, ಹೆಚ್ಚು ದೂರವೇನೂ ಬಿಡದೆ. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು 1892ರ ಏಪ್ರಿಲ್‌ನಲ್ಲಿ ತೆಗೆದ ಹಕ್ಕಿಗೂಡಿನ ಚಿತ್ರವನ್ನೇ ಈ ಕಲೆಯ ಆರಂಭವೆಂದು ಅಲ್ಲಿಯವರು ಲೆಕ್ಕ ಹಿಡಿಯುತ್ತಾರೆ. ಆ ಕಾಲದ ಗಾಜಿನ ಪ್ಲೇಟು, ಮರದ ಪೆಟ್ಟಿಗೆ ಕ್ಯಾಮೆರಾಗಳಿಂದ ಹಾರುವ ಹಕ್ಕಿಯನ್ನು ಹಿಡಿಯುವುದು ಕನಸಿನ ಮಾತು. ಗೂಡಿನಲ್ಲಿ ಕೂತದ್ದನ್ನು ತೆಗೆಯಲೂ ತೀರ ಹತ್ತಿರ ಹೋಗಬೇಕಿತ್ತು. ಹಾಗಾಗಿ ಅವರು ವೇಷಗಳನ್ನು ಕಂಡುಹಿಡಿದರು. ಅದರಲ್ಲಿ ಪ್ರಸಿದ್ಧವಾದದ್ದು ಎತ್ತಿನ ವೇಷ: ಸುಲಿದ ಎತ್ತಿನ ಚರ್ಮವನ್ನು ಚೌಕಟ್ಟಿನ ಮೇಲೆ ಹೊದಿಸಿ, ಹೊಟ್ಟೆಯೊಳಗೆ ಮನುಷ್ಯ ಕೂತು, ತೂತಿನಿಂದ ಮಸೂರ ಹೊರಹಾಕುವುದು. ಒಮ್ಮೆ ಒಳಗಿದ್ದ ರಿಚರ್ಡ್ ಆಯ ತಪ್ಪಿ ಉರುಳಿ, ಎತ್ತು ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದುಕೊಂಡದ್ದೂ ಉಂಟು. ತಮ್ಮ ಅವನನ್ನು ಎಬ್ಬಿಸುವ ಮೊದಲು ಅದರದ್ದೂ ಒಂದು ಚಿತ್ರ ತೆಗೆದ. ಕಸುಬಿನವನೆಂದರೆ ಅವನು.

ನಮ್ಮ ಕಡೆ ಎತ್ತಿನ ವೇಷಕ್ಕಿಂತ ನಿಜವಾದ ಎತ್ತೇ ವಾಸಿ ಎಂಬುದು ಬೇಟೆಗಾರರಿಗೆ ಗೊತ್ತಿತ್ತು. ಬಯಲುಸೀಮೆಯಲ್ಲಿ ಎರ್ಲಡ್ಡು ಹಕ್ಕಿ ನಡೆದು ಬರುವ ಮನುಷ್ಯನನ್ನು ಕಂಡರೆ ದೂರದಿಂದಲೇ ಏಳುತ್ತದೆ, ಎತ್ತಿನ ಗಾಡಿಗೆ ಜಗ್ಗುವುದಿಲ್ಲ. ಗಾಡಿಯ ಮರೆಯಲ್ಲೇ ಅದನ್ನು ಹೊಡೆದು ಹೊಡೆದು ಮುಗಿಸಿದರು.

ಭಾರತದಲ್ಲಿ ಹಕ್ಕಿ ಚಿತ್ರಗಳನ್ನು ಶ್ರದ್ಧೆಯಿಂದ ತೆಗೆದ ಮೊದಲ ತಲೆಮಾರು ಬಹುಮಟ್ಟಿಗೆ ಬ್ರಿಟಿಷರದ್ದು. ಸೈನ್ಯದಲ್ಲಿದ್ದ ಬೇಟ್ಸ್, ರೈಲ್ವೆಯಲ್ಲಿದ್ದ ಲೋಥರ್. ಲೋಥರ್ ತನ್ನ ಅನುಭವಗಳನ್ನು 1949ರಲ್ಲಿ ಪುಸ್ತಕ ಮಾಡಿದ. ಇವರೆಲ್ಲರ ದಾರಿ ಒಂದೇ: ಗೂಡು ಹುಡುಕು, ಎದುರಿಗೆ ಗುಡಾರ ಹಾಕು, ಒಳಗೆ ಕೂತು ಕಾಯಿ. ಬೆಂಗಳೂರಿಗೆ ಈ ವಿದ್ಯೆ ಓ. ಸಿ. ಎಡ್ವರ್ಡ್ಸ್ ಅಂಥವರ ಮೂಲಕ ಬಂತು. ಅವರ ಕೈಯಲ್ಲಿ ಪಳಗಿದವರು 1932ರಲ್ಲಿ ಹುಟ್ಟಿದ ಟಿ. ಎನ್. ಎ. ಪೆರುಮಾಳ್. ಅವರ ಜೊತೆಗೇ ಹೇಳಬೇಕಾದ ಹೆಸರು ಇ. ಹನುಮಂತರಾವ್. ಅತ್ತ ಸಂಡೂರಿನಲ್ಲಿ ಎಂ. ವೈ. ಘೋರ್ಪಡೆ. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ನೋಡಿಕೊಂಡ ಅದೇ ಘೋರ್ಪಡೆ. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕದ ಕಪ್ಪು-ಬಿಳುಪು ಪುಟಗಳನ್ನು ನಾನು ಎಷ್ಟು ತಿರುವಿದ್ದೇನೆಂದರೆ ಬೆನ್ನು ಕಿತ್ತುಬಂದು ಮತ್ತೆ ಹೊಲಿಸಬೇಕಾಯಿತು. ಮಂತ್ರಿಗಿರಿಗಿಂತ ಅವರಿಗೆ ನೆರಳು ಬೆಳಕಿನ ಲೆಕ್ಕ ಚೆನ್ನಾಗಿ ಬರುತ್ತಿತ್ತು ಎಂದು ನನ್ನ ನಂಬಿಕೆ. ಬಜೆಟ್ಟಿನ ಬಗ್ಗೆ ಮಾತಾಡಲು ನನಗೆ ಯೋಗ್ಯತೆಯಿಲ್ಲ, ಪ್ರಿಂಟಿನ ಬಗ್ಗೆ ಇದೆ.

ಇವರ ಚಿತ್ರಗಳು ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಪದಕ ಗಳಿಸಿ ಬಂದವು. ಪೆರುಮಾಳ್ ತಮಗೆ ಗೊತ್ತಿದ್ದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಕೇಳಿಕೊಂಡು ಬಂದವರಿಗೆಲ್ಲ ಹೇಳಿಕೊಟ್ಟರು. 2017ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಶಿಷ್ಯರ ಶಿಷ್ಯರೂ ಹಣ್ಣಾಗಿದ್ದರು. ನಮ್ಮಂಥ ಸಣ್ಣ ಊರಿನ ಸ್ಟುಡಿಯೋದವರಿಗೆ ಆ ವಿದ್ಯೆ ತಲುಪಿದ್ದು ಮೂರನೆಯ ಕೈಯಿಂದ, ಒಬ್ಬರು ಇನ್ನೊಬ್ಬರಿಗೆ ಹೇಳಿ.

ಗುಡಾರದ ಕ್ರಮ ಹೇಳುತ್ತೇನೆ, ಈಗಿನವರಿಗೆ ಗೊತ್ತಿಲ್ಲ. ಮೊಣಕಾಲು ಮಡಚಿ ಒಬ್ಬ ಕೂರುವಷ್ಟು ಚೌಕ, ನಾಲ್ಕು ಗಳ, ಮೇಲೆ ಖಾಕಿ ಬಟ್ಟೆ. ನನ್ನದನ್ನು ಸ್ಟುಡಿಯೋ ಪಕ್ಕದ ದರ್ಜಿ ಹೊಲಿದುಕೊಟ್ಟ. ಒಳಗೆ ಯಾರು ಮಲಗುತ್ತಾರೆ ಎಂದು ಅವನು ಕೇಳಿದ್ದಕ್ಕೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಗುಡಾರವನ್ನು ಮೊದಲ ದಿನ ಗೂಡಿನಿಂದ ದೂರದಲ್ಲಿ ನೆಟ್ಟು ಬಿಟ್ಟು ಬರಬೇಕು. ಹಕ್ಕಿ ಒಪ್ಪಿತೆಂದರೆ ಮರುದಿನ ಒಂದಷ್ಟು ಮುಂದೆ. ಹೀಗೆ ಹತ್ತಿರ ತಂದು, ಕೊನೆಗೆ ಒಳಹೋಗುವ ದಿನ ಜೊತೆಗೊಬ್ಬನನ್ನು ಕರೆದೊಯ್ಯಬೇಕು. ಇಬ್ಬರೂ ಒಳಗೆ ಹೋಗಿ, ಒಬ್ಬ ಎದ್ದು, ಹಕ್ಕಿಗೆ ಕಾಣುವ ಹಾಗೆ ದಡಬಡ ಹೊರಟುಹೋಗಬೇಕು. ಬಹಳಷ್ಟು ಹಕ್ಕಿಗಳು ಲೆಕ್ಕ ಇಡುವುದಿಲ್ಲ. ಬಂದವರು ಹೋದರೆಂದುಕೊಂಡು ಕೆಲಸಕ್ಕೆ ಮರಳುತ್ತವೆ. ಆಮೇಲೆ ಗಂಟೆಗಟ್ಟಲೆ ಕೆಮ್ಮುವಂತಿಲ್ಲ, ಇರುವೆ ಹತ್ತಿದರೆ ಕೊಡವುವಂತಿಲ್ಲ.

ಶಿಂಷಾ ದಡದ ಮರಳುಮಣ್ಣಿನಲ್ಲಿ ಬಿಲ ತೋಡಿದ್ದ ಕಳ್ಳಿಪೀರಗಳ ಎದುರು ನಾನು ಹೀಗೆ ಕೂತಿದ್ದೆ. ಗಂಡೂ ಹೆಣ್ಣೂ ಸರದಿಯ ಮೇಲೆ ಜೇನುನೊಣ, ಕೊಡತಿ ಹಿಡಿದು ತಂದು, ಎದುರಿನ ತಂತಿಯ ಮೇಲೆ ಬಡಿದು ಮುಳ್ಳು ಉದುರಿಸಿ, ಬಿಲದೊಳಗೆ ನುಗ್ಗುತ್ತಿದ್ದವು. ಆದರೆ ನಾನು ಗುಡಾರದಿಂದ ತಲೆ ಹೊರಹಾಕಿ ಬಿಲದ ಕಡೆ ನೋಡಿದರೆ, ಬಾಯಲ್ಲಿ ಹುಳ ಕಚ್ಚಿಕೊಂಡೇ ತಂತಿಯ ಮೇಲೆ ಕೂತುಬಿಡುತ್ತಿದ್ದವು. ದಡದ ಹಿಂದೆ, ಬಿಲ ಕಾಣದ ಕಡೆ ದನ ಕಾಯುವವನು ಅಷ್ಟೇ ಹತ್ತಿರದಲ್ಲಿ ನಿಂತಿದ್ದರೂ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವನಿಗೆ ಬಿಲ ಕಾಣುವುದಿಲ್ಲ, ನನಗೆ ಕಾಣುತ್ತದೆ ಎಂದು ಹಕ್ಕಿಗೆ ಗೊತ್ತಿದೆಯೇ ಎಂದು ಆಗ ಅನುಮಾನ ಬಂತು. ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಾದೆ. 2002ರಲ್ಲಿ ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಕಳ್ಳಿಪೀರಗಳ ಮೇಲೆ ಇದನ್ನೇ ಪ್ರಯೋಗ ಮಾಡಿ ನೋಡಿ ಪ್ರಕಟಿಸಿದರು: ಮನುಷ್ಯ ಎಷ್ಟು ದೂರದಲ್ಲಿದ್ದಾನೆ ಎಂಬುದಷ್ಟೇ ಅಲ್ಲ, ಅವನಿಗೆ ಬಿಲ ಕಾಣುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ ಹಕ್ಕಿ ತನ್ನ ನಡೆ ಬದಲಿಸುತ್ತದೆ. ಗುಡಾರದಲ್ಲಿ ಕೂತ ಕಾಲದ ಸಂಪಾದನೆ ಇಂಥದ್ದು. ಗೂಡಿನ ಮುಂದೆ ಕೂತವನಿಗೆ ಹಕ್ಕಿಯ ಸಂಸಾರ ಕಾಣುತ್ತಿತ್ತು.

ಅದೇ ಗುಡಾರ ಮಾಡಿದ ಹಾನಿಯೂ ಸಣ್ಣದಲ್ಲ. ಗೂಡು ಎಲೆಯ ಮರೆಯಲ್ಲಿರುತ್ತದೆ, ಫಿಲ್ಮಿಗೆ ಬೆಳಕು ಬೇಕು. ಹಾಗಾಗಿ ಅಡ್ಡ ಬಂದ ಕೊಂಬೆಗಳನ್ನು ಕೆಲವರು ದಾರ ಕಟ್ಟಿ ಎಳೆದು ಬಿಗಿಯುತ್ತಿದ್ದರು, ಕೆಲವರು ಕತ್ತರಿಸಿಯೇ ಬಿಡುತ್ತಿದ್ದರು. ಎಲೆ ಸರಿದರೆ ಮೊದಲು ಬರುವುದು ಬಿಸಿಲು, ಆಮೇಲೆ ಕಾಗೆ. ಪಿಕಳಾರದಂಥ ಹಕ್ಕಿಯ ಗರಿ ಮೂಡದ ಮರಿಗೆ ಎರಡೂ ಮೃತ್ಯುವೇ. ತಾಯಿ ಹೆದರಿ ಬಾರದೆ ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಇಷ್ಟಾದರೂ ದಶಕಗಳ ಕಾಲ ಸ್ಪರ್ಧೆಗಳಲ್ಲಿ ಮೊದಲ ಬಹುಮಾನ ಪಡೆಯುತ್ತಿದ್ದದ್ದು ‘ಮರಿಗೆ ಗುಟುಕು’ ಎಂಬ ಶೀರ್ಷಿಕೆಯ ಚಿತ್ರವೇ. ಈಗ ಅದೇ ಚಿತ್ರ ಕಳಿಸಿದರೆ ಬಹಳಷ್ಟು ಸ್ಪರ್ಧೆಗಳು, ಪತ್ರಿಕೆಗಳು ತೆಗೆದುಕೊಳ್ಳುವುದಿಲ್ಲ. ಇದು ಸರಿಯಾದ ತೀರ್ಮಾನ. ಹಳಬರಲ್ಲಿ ಕೆಲವರು ಇದಕ್ಕೆ ಮುನಿಸಿಕೊಂಡಿದ್ದಾರೆ, ನಾನು ಅವರ ಜೊತೆಗಿಲ್ಲ. ಗೂಡಿನ ಮುಂದೆ ತಾಳ್ಮೆಯಿಂದ ಕೂತ ಪರಿಣತರು ಬೆರಳೆಣಿಕೆಯಷ್ಟಿದ್ದಾಗ ನಡೆಯಬಹುದಾದದ್ದು, ಎಲ್ಲರ ಕೈಗೂ ಕ್ಯಾಮೆರಾ ಬಂದಾಗ ನಡೆಯುವುದಿಲ್ಲ.

ಆಗ ಎಲ್ಲರ ಕೈಗೂ ಬರುವಂತಿರಲಿಲ್ಲ. ಹೊರದೇಶದ ಫಿಲ್ಮು ಸಿಗುವುದೇ ಕಷ್ಟ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಫಿಲ್ಮು, ಪೂರ್ವ ಜರ್ಮನಿಯ ಓರ್ವೋ, ಇವೇ ನಮ್ಮ ಬಂಡವಾಳ. ಬಣ್ಣದ ಕೊಡ್ಯಾಕ್ ಬಂದ ಮೇಲೂ ಒಂದು ರೀಲೆಂದರೆ 36 ಚಿತ್ರ, ಅದರ ಖರ್ಚು ಮದುವೆಯವರದ್ದು. ಮದುವೆ ಮನೆಯಲ್ಲಿ ಬೀಗರೂಟದವರೆಗೆ ತೆಗೆದು ಮುಗಿದಾಗ ಕೊನೆಯ ರೀಲಿನಲ್ಲಿ ನಾಲ್ಕೈದು ಫ್ರೇಮು ಮಿಗುವುದು ಸಹಜ. ಅದನ್ನು ತೊಳೆಯುವ ಮೊದಲು ನಾನು ಬೆಳಗಿನ ಹೊತ್ತು ಕೆರೆಯ ಕಡೆ ಹೋಗುತ್ತಿದ್ದೆ. ಆದ್ದರಿಂದ ನನ್ನ ನೆಗೆಟಿವ್ ಡಬ್ಬಿಗಳಲ್ಲಿ ಧಾರೆ, ಆರತಕ್ಷತೆ, ಅಜ್ಜಿಯಂದಿರ ಸಾಲು, ಅದರ ಬೆನ್ನಿಗೇ ಒಂದು ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುವುದು ಹೀಗೆ ಒಂದೇ ಪಟ್ಟಿಯಲ್ಲಿ ಇವೆ. ಹಕ್ಕಿಯ ಚಿತ್ರಕ್ಕೆ ತಾರೀಖು ಬೇಕಾದರೆ ಆ ಮದುವೆಯ ಲಗ್ನಪತ್ರಿಕೆ ಹುಡುಕುತ್ತೇನೆ. ಐದು ಫ್ರೇಮಿನವನು ಗುಂಡಿ ಒತ್ತುವ ಮುಂಚೆ ಯೋಚಿಸುತ್ತಾನೆ. ಯೋಚಿಸುತ್ತ ಕೂತವನು ತೆಗೆದದ್ದಕ್ಕಿಂತ ನೋಡಿದ್ದು ಜಾಸ್ತಿ.

ಕನ್ನಡದವರಿಗೆ ಈ ನೋಡುವ ಕೆಲಸದ ರುಚಿ ಹತ್ತಿಸಿದ್ದು ಪೂರ್ಣಚಂದ್ರ ತೇಜಸ್ವಿ. ಪದಕದವರ ಚಿತ್ರಗಳು ಬೆಂಗಳೂರಿನ ಪ್ರದರ್ಶನದ ಗೋಡೆಯಲ್ಲಿರುತ್ತಿದ್ದವು. ತೇಜಸ್ವಿಯವರ ‘ಹಕ್ಕಿ ಪುಕ್ಕ’ ಹಳ್ಳಿಯ ಹೈಸ್ಕೂಲಿನ ಕಪಾಟಿನಲ್ಲಿತ್ತು. ಮೂಡಿಗೆರೆಯ ತೋಟದಲ್ಲಿ ಕೂತು ಅವರು ಮಾಡಿದ್ದು ಏನೆಂದರೆ, ಹಕ್ಕಿಯ ಜೊತೆಗೆ ಹಕ್ಕಿಗಾಗಿ ಕಾದವನ ಪಾಡನ್ನೂ ಬರೆದರು. ಕೆಟ್ಟ ಬೆಳಕು, ಕೈಕೊಟ್ಟ ಯಂತ್ರ, ಹಾರಿಹೋದ ಹಕ್ಕಿ ಎಲ್ಲವೂ ಕಥೆಯೊಳಗೆ ಬಂದವು. ಅವರ ‘ಮಾಯೆಯ ಮುಖಗಳು’ ಓದಿದ ಮೇಲೆ ನನ್ನ ಗಿರಾಕಿಗಳಲ್ಲಿ ಇಬ್ಬರು ಮೇಷ್ಟರು ಕ್ಯಾಮೆರಾ ಕೊಳ್ಳಲು ಸಲಹೆ ಕೇಳಿಕೊಂಡು ಬಂದರು.

ಗುಡಾರವೇ ಬೇಡದ ಊರೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ಮೇಲೆ ಮರಿಗಳು ತಾಯಿಯ ಗಂಟಲಚೀಲದೊಳಗೆ ತಲೆ ತೂರಿಸಿರುತ್ತವೆ. ಯಾರದಾದರೂ ಹಂಚಿನ ಮಾಡಿನ ಪಕ್ಕದ ತಾರಸಿ ಹತ್ತಿದರೆ ಗೂಡು ಕಣ್ಣಿನ ಮಟ್ಟಕ್ಕೆ. ಹೊರಗಿನ ಪ್ರಪಂಚಕ್ಕೆ ಈ ಊರನ್ನು ಎತ್ತಿ ತೋರಿಸಿದವರು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳ, 1976ರಲ್ಲಿ. ಊರಿನವರಿಗೆ ಅದು ಹೊಸ ಸುದ್ದಿಯೇನಲ್ಲ. ಹಕ್ಕಿ ಬಂದರೆ ಮಳೆ ಬೆಳೆ ಎಂದು ಅವರ ಹಿರಿಯರೇ ನಂಬಿಕೊಂಡು ಬಂದಿದ್ದರು, ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಯುತ್ತಿದ್ದರು.

ಆದರೆ ಇದನ್ನು ಬರೀ ಪ್ರೀತಿಯ ಕಥೆಯಾಗಿ ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಹುಣಸೆ ಫಲ ಕೊಡುವ ಮರ. ಗೂಡಿದ್ದಾಗ ಹತ್ತಿ ಕಾಯಿ ಉದುರಿಸುವಂತಿಲ್ಲ, ಹಿಕ್ಕೆಯಿಂದ ಕೊಂಬೆಗಳು ಬಿಳಿಚುತ್ತವೆ, ಮೀನಿನ ವಾಸನೆ ಅಡುಗೆ ಮನೆಯೊಳಗೇ ಬರುತ್ತದೆ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರದ ಹಣ ಕೊಡುವ ವ್ಯವಸ್ಥೆ ಬಂದದ್ದು ಈ ನಷ್ಟಕ್ಕಾಗಿಯೇ. 1990ರ ದಶಕದಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಎತ್ತಿ, ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ ಬೆಳೆಸಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇಷ್ಟೆಲ್ಲದರ ಎದುರು, ತಾರಸಿಯ ಮೇಲೆ ಅರ್ಧ ದಿನ ನಿಂತು ಚಿತ್ರ ತೆಗೆದುಕೊಂಡು ಹೋದ ನಮ್ಮಂಥವರ ಪಾಲು ಏನೂ ಅಲ್ಲ. ಒಂದು ಮನೆಯ ಯಜಮಾನಿ ನನ್ನಿಂದ ದುಡ್ಡು ತೆಗೆದುಕೊಳ್ಳದೆ, ಮಗಳ ಮದುವೆಗೆ ಫೋಟೋ ತೆಗೆದುಕೊಡು ಎಂದರು. ತೆಗೆದುಕೊಟ್ಟೆ. ಆ ಆಲ್ಬಮ್ಮಿನ ಹೊರಾಂಗಣದ ಚಿತ್ರಗಳಲ್ಲೆಲ್ಲ ಚಪ್ಪರದ ಮೇಲೆ ಕೊಕ್ಕರೆಗಳಿವೆ.

ಡಿಜಿಟಲ್ ಬಂದದ್ದು ಬೇಗ. 2003ರಲ್ಲಿ ಕ್ಯಾನನ್ 300ಡಿ ಮಾರುಕಟ್ಟೆಗೆ ಬಂದಾಗ ನಮ್ಮ ಸ್ಟುಡಿಯೋದವರು ಅದನ್ನು ಆಟಿಕೆ ಎಂದರು. ಕೆಲವೇ ವರ್ಷಗಳಲ್ಲಿ ಡಾರ್ಕ್ ರೂಮಿಗೆ ಬೀಗ ಬಿತ್ತು. ಈಗ 400, 600 ಮಿಲಿಮೀಟರಿನ ಮಸೂರಗಳು, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮೆರಾಗಳು ರಂಗನತಿಟ್ಟಿನ ದೋಣಿ ತುಂಬ ಕಾಣುತ್ತವೆ. ಬಂಡೆಯ ಮೇಲೆ ನದಿ ರೀವ, ಮಗ್ಗುಲ ಬಂಡೆಯಲ್ಲಿ ಬಾಯಿ ತೆರೆದ ಮೊಸಳೆ, ಮೇಲೆ ಚಮಚದ ಕೊಕ್ಕಿನವು. ದೋಣಿ ಒಂದು ಸುತ್ತು ಬರುವುದರೊಳಗೆ ಒಬ್ಬೊಬ್ಬರದ್ದೂ ಸಾವಿರ ಚಿತ್ರ. ಹಾರುವ ರೀವದ ಒಂದೊಂದು ಗರಿಯನ್ನೂ ಎಣಿಸಬಹುದು. ನಮ್ಮ ಕಾಲದ ಯಾವ ಮಹಾರಥನಿಗೂ ಇದು ಸಾಧ್ಯವಿರಲಿಲ್ಲ ಎಂದು ಒಪ್ಪುತ್ತೇನೆ. ದೂರದಿಂದಲೇ ತೆಗೆಯಲು ಬರುವುದರಿಂದ ಗೂಡಿನ ಗೊಡವೆಯೂ ತಪ್ಪಿತು. ಆದರೆ ಈ ರೀವಗಳ ಮರಿಗಳು ಮಧ್ಯಾಹ್ನದ ಕಾದ ಬಂಡೆಯ ಮೇಲೆ ಏನು ಮಾಡುತ್ತವೆ ಎಂದು ಕೇಳಿದರೆ ಹೇಳುವವರಿಲ್ಲ. ಮಧ್ಯಾಹ್ನದ ಬೆಳಕು ಚಿತ್ರಕ್ಕೆ ಒಳ್ಳೆಯದಲ್ಲ, ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಹೋಗಿರುತ್ತಾರೆ. 2018ರಲ್ಲಿ, 2019ರಲ್ಲಿ ಕನ್ನಂಬಾಡಿಯಿಂದ ಬಿಟ್ಟ ನೀರು ನಡುಗಡ್ಡೆಗಳ ಮೇಲೆ ಹರಿದಾಗಲೂ ಅಷ್ಟೇ. ದೋಣಿ ನಿಂತಿತ್ತು, ಮಸೂರಗಳು ಬೇರೆ ಊರಿಗೆ ಹೋಗಿದ್ದವು.

ಗುಡಾರ ಮಾತ್ರ ಬೇರೆ ರೂಪದಲ್ಲಿ ವಾಪಸು ಬಂದಿದೆ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಓಲ್ಡ್ ಮ್ಯಾಗಜೀನ್ ಹೌಸ್ ಈಗ ಹಕ್ಕಿ ಚಿತ್ರಗಾರರ ಕಾಶಿ. ಕಾಡಿನ ಅಂಚಿನಲ್ಲಿ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟಿರುತ್ತಾರೆ. ಕಾಜಾಣ, ಪಿಕಳಾರ, ನೊಣಹಿಡುಕಗಳು ಬಂದು ಮೀಯುತ್ತವೆ. ಮರೆಯ ಹಿಂದೆ ಸಾಲಾಗಿ ಕುರ್ಚಿ ಹಾಕಿಕೊಂಡು ಜನ. ಮೊದಲು ನೋಡಿದಾಗ ಮುಖ ಸಿಂಡರಿಸಿದೆ, ಆಮೇಲೆ ಕೂತು ಯೋಚಿಸಿದಾಗ ಅಷ್ಟು ಕೆಟ್ಟದ್ದೆನಿಸಲಿಲ್ಲ. ಹೊಳೆ ಹಳ್ಳಗಳಿರುವ ಕಾಡಿನಲ್ಲಿ ಹಕ್ಕಿ ಈ ತಟ್ಟೆಗೇ ಬರಬೇಕೆಂಬ ಕಟ್ಟಳೆಯಿಲ್ಲ. ಬೇಡವೆಂದರೆ ಬಾರದಿರಬಹುದು. ಮರಿಯಿರುವ ಗೂಡಿಗೂ ಇದಕ್ಕೂ ಅಷ್ಟು ಅಂತರವಿದೆ. ಹುಳು ಹಾಕಿ, ಮೊಬೈಲಿನಲ್ಲಿ ಕೂಗು ನುಡಿಸಿ ಕರೆಸುವವರ ವಿಷಯ ಬೇರೆ. ಅದು ಮತ್ತೆ ಗರಿಯವರ ಬುದ್ಧಿ.

ಕಳೆದ ಬೇಸಿಗೆ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕಳ್ಳಿಪೀರದ ಬಿಲ ತೋರಿಸಿ ಎಂದು ದುಂಬಾಲು ಬಿದ್ದ. ಶಿಂಷಾ ದಡಕ್ಕೆ ಕರೆದುಕೊಂಡು ಹೋದೆ. ಬಿಲದ ನೇರಕ್ಕೆ ಸ್ಟ್ಯಾಂಡ್ ನಿಲ್ಲಿಸಹೊರಟವನಿಗೆ ವಾಟ್ವೆಯವರ ಪ್ರಯೋಗ ಹೇಳಿ, ಬಿಲ ನಿನಗೆ ಕಾಣದ ಕಡೆ ಕೂತರೆ ಹಕ್ಕಿ ನೆಮ್ಮದಿಯಾಗಿ ಒಳಹೋಗುತ್ತದೆ ಎಂದೆ. ಬಿಲವೇ ಕಾಣದಿದ್ದರೆ ಫೋಟೋ ಹೇಗೆ ಸಾರ್ ಎಂದ. ತಂತಿ ಇದೆಯಲ್ಲ ಎಂದೆ. ಒಲ್ಲದ ಮನಸ್ಸಿನಿಂದ ದಡದ ಹಿಂದಕ್ಕೆ ಬಂದು ಕೂತ. ಹಕ್ಕಿಗಳು ಹುಳ ತಂದವು, ತಂತಿಯ ಮೇಲೆ ಬಡಿದವು, ಕೆಳಗಿಳಿದು ಮರೆಯಾದವು, ಮತ್ತೆ ಬಂದವು. ಗಾಳಿಗೆ ಎಸೆದ ಜೇನುನೊಣವನ್ನು ಕೊಕ್ಕಿನಲ್ಲಿ ಹಿಡಿಯುವ ಕ್ಷಣ ಅವನಿಗೆ ಸಿಕ್ಕಿತು. ಪರದೆಯಲ್ಲಿ ಹಿಗ್ಗಿಸಿ ತೋರಿಸಿದ, ಬಲು ಚೆನ್ನಾಗಿತ್ತು. ಹಿನ್ನೆಲೆಯಲ್ಲಿ ಕರೆಂಟ್ ಕಂಬ ಬಂದುಬಿಟ್ಟಿದೆ ಎಂದು ಮಂಡ್ಯ ತಲುಪುವವರೆಗೂ ಗೊಣಗುತ್ತಿದ್ದ.